ಆರೂ ಹತ್ತರ ತಂಬಿಗೆ

"ರಕ್ತ ಸುಳ್ಳು ಹೇಳುತ್ತೆ ಸರ್. ಒಂದೆರಡು ತಿಂಗಳು ಔಷಧ ಬಿಟ್ಟುಬಿಟ್ಟರೆ ತೊಳೆದಿಟ್ಟ ಹಾಗೆ ಆಗಿಬಿಡುತ್ತೆ. ಅದಕ್ಕೇ, ಸ್ನಾಯುವನ್ನೇ ಕೇಳಿದರೆ ಹೇಗೆ ಅಂತ ನಾವು ಯೋಚನೆ ಮಾಡಿದ್ವಿ."

ಡಾಕ್ಟರ್ ವಸುಮತಿ ಹೀಗೆ ಹೇಳುವಾಗ ನಾನು ಬೇಕೆಂದೇ ಗೋಡೆ ನೋಡುತ್ತ ಕೂತಿದ್ದೆ. ಮೈಸೂರು ಕಡೆಯ ಹೆಣ್ಣುಮಗಳು, ಮೆತ್ತಗಿನ ಮಾತು. ನನ್ನ ಶಿಷ್ಯನ ಭುಜದಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು, ಅದರ ಮಾತು ಕೇಳಿ, ಅವನು ಮದ್ದು ತಿಂದು ಗೆದ್ದವನು ಎಂದು ನಾಡಿಗೆಲ್ಲ ಸಾರಿದವರು ಇವರೇ. ನನಗೆ ಸಿಟ್ಟು ನೆತ್ತಿಗೇರಿತ್ತು. ಸ್ನಾಯುವನ್ನು ಕೇಳುತ್ತಾರಂತೆ! ಅದಕ್ಕೇನು ಬಾಯಿ ಇದೆಯೇ?

ಇದೆ ಎಂದು ಆ ಸಂಜೆಯೇ ಗೊತ್ತಾಯಿತು. ಆದರೆ ನಾನು ಅವರ ಪ್ರಯೋಗಾಲಯಕ್ಕೆ ಹೋಗಬೇಕಾಗಿ ಬಂದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ.

ನಾನು ಪರಸಪ್ಪ. ಘಟಪ್ರಭೆಯ ದಂಡೆಯ ಹುಲಿಕಟ್ಟಿಯಲ್ಲಿ ಮೂವತ್ತೊಂದು ವರ್ಷ ಗರಡಿ ನಡೆಸಿದವನು. ಊರಿಗೆಲ್ಲ ವಸ್ತಾದ, ಕುಸ್ತಿಯ ಗುರು. ನನ್ನ ಗರಡಿಯಲ್ಲಿ ಗಡಿಯಾರ ಒಂದು ನಿಮಿಷ ಆಚೀಚೆ ಆಗುವ ಹಾಗಿರಲಿಲ್ಲ. ಬೆಳಿಗ್ಗೆ ಐದಕ್ಕೆ ದಂಡ, ಬೈಠಕ್. ಸಂಜೆ ಕೆಂಪು ಮಣ್ಣಿನಲ್ಲಿ ಪಟ್ಟು ಕಲಿಯುವುದು. ಆರು ಗಂಟೆಗೆ ಹನುಮಪ್ಪನ ಪಟದ ಮುಂದೆ ದೀಪ. ಆರೂ ಹತ್ತಕ್ಕೆ ಥಂಡಾಯಿ, ಅಂದರೆ ಬಾದಾಮಿ ಗಸಗಸೆ ಅರೆದು ಕದಡಿದ ಹಾಲು. ಹುಡುಗರಿಗೆಲ್ಲ ಸ್ಟೀಲಿನ ಲೋಟ, ವಸ್ತಾದನಿಗೆ ಮಾತ್ರ ಹಿತ್ತಾಳೆಯ ತಂಬಿಗೆ. ವಸ್ತಾದ ಅದರಲ್ಲಿ ಅರ್ಧ ಕುಡಿದು ಉಳಿದರ್ಧವನ್ನು ತಾನು ಮೆಚ್ಚಿದ ಒಬ್ಬನೇ ಒಬ್ಬ ಶಿಷ್ಯನಿಗೆ ಕೊಡಬೇಕು. ಅವನು ಬಗ್ಗಿ ನೆಲ ಮುಟ್ಟಿ, ಎರಡೂ ಕೈ ಚಾಚಿ ತಂಬಿಗೆ ತಗೊಂಡು, ಹಣೆಗೆ ಒತ್ತಿಕೊಂಡು, ಒಂದೇ ಉಸಿರಿಗೆ ಕುಡಿಯಬೇಕು. ನನ್ನ ವಸ್ತಾದರು ನನಗೆ ಹಾಗೆ ಕೊಟ್ಟಿದ್ದರು. ನಾನು ಶಿದ್ರಾಯನಿಗೆ ಕೊಟ್ಟೆ.

ಶಿದ್ರಾಯ ದರ್ಜಿಯ ಮಗ. ಹದಿನಾಲ್ಕರಲ್ಲಿ ಗರಡಿಗೆ ಬಂದಾಗ ಕಡ್ಡಿ ಪೈಲ್ವಾನ್ ಅಂತ ಎಲ್ಲರೂ ನಗುತ್ತಿದ್ದರು. ನನ್ನ ಕಣ್ಣಿಗೆ ಮಾತ್ರ ಅವನ ಸೊಂಟದ ತಿರುವಿನಲ್ಲಿ ಏನೋ ಕಂಡಿತು. ಎರಡೇ ವರ್ಷ, ಹುಡುಗ ಬಾಗಿಲ ತುಂಬ ನಿಂತ. "ಕೈಗುಣಾ ಅಂದ್ರ ವಸ್ತಾದರದು" ಅಂತ ಊರು ಹೊಗಳಿತು. ನಾನೂ ಉಬ್ಬಿದೆ. ಮುಚ್ಚಿಡುವುದೇಕೆ, ಅವನು ನನ್ನ ಕೈಯಲ್ಲಿ ತಯಾರಾದವನು ಎಂಬುದೊಂದೇ ನನ್ನ ಬದುಕಿನ ಗಳಿಕೆ ಎಂದು ನಂಬಿಕೊಂಡಿದ್ದೆ.

ಇಪ್ಪತ್ತು ತುಂಬಿದ ವರ್ಷ ಅವನು ಮಲ್ಲ ಲೀಗಿಗೆ ಹೋದ. ಎಂಟು ಊರುಗಳ ತಂಡ, ಟೀವಿ, ಕಣ್ಣು ಕೋರೈಸುವ ಬೆಳಕು. ಅಲ್ಲಿ ಪೈಲ್ವಾನರನ್ನು ತಂಡಗಳು ಅದಲುಬದಲು ಮಾಡಿಕೊಳ್ಳುತ್ತವೆ, ಸಂತೆಯಲ್ಲಿ ಎತ್ತುಗಳನ್ನು ಮಾಡಿಕೊಂಡ ಹಾಗೆ. ಈ ವರ್ಷ ದಾವಣಗೆರೆಯ ತಂಡ ಶಿದ್ರಾಯನೊಬ್ಬನಿಗಾಗಿ ತನ್ನ ಮೂವರನ್ನು ಬಿಟ್ಟುಕೊಡಲು ಒಪ್ಪಿತ್ತು. ಒಬ್ಬನಿಗೆ ಮೂವರು! ಲೀಗಿನಲ್ಲಿ ಹಿಂದೆಂದೂ ಆಗದ ಮಾತು. ಹುಲಿಕಟ್ಟಿಯ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಅವನ ಫೋಟೋಕ್ಕೆ ಮಾಲೆ ಬಿತ್ತು.

ಆಗಲೇ ಈ ಹೊಸ ಪರೀಕ್ಷೆ ಬಂದದ್ದು. ಸೋಮವಾರ ವರದಿ ಬಂತು. ಮಂಗಳವಾರ ದಾವಣಗೆರೆಯವರು ಮೂವರ ಬದಲು ಒಬ್ಬನನ್ನು ಕೊಡುತ್ತೇವೆ ಎಂದರು. ಗುರುವಾರ ಪುಕ್ಕಟೆ ಕೊಟ್ಟರೂ ಬೇಡ ಎಂದರು. ಶನಿವಾರದ ಹೊತ್ತಿಗೆ ಖಾನಾವಳಿಯವನು ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದ್ದ. ತೆಗೆದುಬಿಟ್ಟಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅದೇ ಮಧ್ಯಾಹ್ನ ಶಿದ್ರಾಯ ನನ್ನ ಮನೆಗೆ ಬಂದ. ಅಪ್ಪ ಸತ್ತ ಮೇಲೆ ಅವನ ಊಟ ನಮ್ಮಲ್ಲೇ. ಇಪ್ಪತ್ತೆರಡರ ಆಳು, ಗೋಣು ಕೆಳಗೆ ಹಾಕಿಕೊಂಡು ತಾಟಿನ ಮುಂದೆ ಕೂತ.

"ವಸ್ತಾದರ, ನೀವರ ನನ್ನ ನಂಬ್ತೀರೋ ಇಲ್ಲೋ?"

"ತಗೊಂಡಿದ್ರ ಈಗ ಹೇಳಿಬಿಡಲೇ. ನಾಕ ಬಡೀತೀನಿ, ಮತ್ತ ಒಳಗ ಕರ್ಕೋತೀನಿ."

"ಹನಮಪ್ಪನ ಆಣಿ, ಒಂದ ಗುಳಿಗಿ ತಗೊಂಡಿಲ್ರಿ. ಜ್ವರದ ಗುಳಿಗಿ ಸೈತ ಹೆದರಿ ಹೆದರಿ ನುಂಗಾಂವ ನಾ. ನನ್ನ ಬಾಯಾಗ ಏನ್ ಹೋಗೇತಿ ಅಂತ ನನಗ ಗೊತ್ತಾಗಂಗಿಲ್ಲೇನ್ರಿ?"

"ಮೊದಲ ಅಂವ ನಾಕ ತುತ್ತು ಉಣ್ಣಲಿ," ಅಂತ ನನ್ನ ಹೆಂಡತಿ ಕಾಶವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಗದರಿದಳು. "ನಿಮ್ಮ ಕೋರ್ಟು ಕಚೇರಿ ಆಮ್ಯಾಲೆ ಮಾಡ್ರಿ."

ನಾನು ಅವನನ್ನು ನಂಬಿದೆ. ಲೀಗಿನವರ ಪ್ರಕಾರ ಇನ್ನೊಂದೇ ಒಂದು ದಾರಿ ಉಳಿದಿತ್ತು: ಎರಡನೆಯ ಪರೀಕ್ಷೆ, ಅದೂ ಗುರುವಿನ ಎದುರಿಗೆ. ಅದರಲ್ಲಿಯೂ ಸೋತರೆ ಅವನಿಗೆ ಐದು ವರ್ಷ ನಿಷೇಧ, ಹೆಸರಿನ ಮುಂದೆ ಜೀವಮಾನವಿಡೀ ಕಳ್ಳ ಎಂಬ ಮಾತು. ಅವನನ್ನು ಮಾತ್ರ ಪ್ರಯೋಗಾಲಯದ ಒಳಗೆ ಬಿಡುವಂತಿರಲಿಲ್ಲ. ಮೊದಮೊದಲು ಇಬ್ಬರು ಪೈಲ್ವಾನರಿಗೆ ಅವರದೇ ಪರೀಕ್ಷೆ ನೋಡಲು ಬಿಟ್ಟಿದ್ದರಂತೆ. ಆಮೇಲೆ ಆ ಇಬ್ಬರೂ ಅಖಾಡಕ್ಕೆ ಇಳಿಯಲೇ ಇಲ್ಲವಂತೆ.

ಹಾಗೆ ನಾನು ಧಾರವಾಡದ ಆ ಪ್ರಯೋಗಾಲಯಕ್ಕೆ ಹೋದೆ.

ಆ ಕೋಣೆ ತಣ್ಣಗಿತ್ತು. ಉದ್ದಕ್ಕೂ ಗಾಜಿನ ಕಪಾಟು, ಅದರಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಬಟ್ಟಲು. ಒಂದೊಂದು ಬಟ್ಟಲಿಗೂ ಒಬ್ಬೊಬ್ಬ ಪೈಲ್ವಾನನ ಹೆಸರಿನ ಚೀಟಿ. ಒಳಗೆ ತಿಳಿಗೆಂಪು ನೀರು, ನೀರಿನಲ್ಲಿ ಶ್ಯಾವಿಗೆಯ ತುಂಡಿನಂಥ ಒಂದು ಎಳೆ.

"ಇವೆಲ್ಲ ಜೀವಂತ ಸರ್," ಎಂದರು ವಸುಮತಿ. "ತೆಗೆದ ಮಾಂಸವನ್ನು ಇಲ್ಲಿ ಬೆಳೆಸಿದ್ದೀವಿ. ಬೆಳಿಗ್ಗೆ ಐದು ಗಂಟೆಗೆ ನೀವು ಬರಬೇಕಿತ್ತು. ಎಲ್ಲಾ ಒಟ್ಟಿಗೆ ಮಿಡಿಯೋಕೆ ಶುರು ಮಾಡ್ತವೆ. ಅರ್ಧ ಗಂಟೆ. ಆಮೇಲೆ ಒಟ್ಟಿಗೆ ನಿಂತುಹೋಗ್ತವೆ."

"ಐದಕ್ಕ ಯಾಕ?" ಎಂದೆ, ಗೊತ್ತಿದ್ದೂ.

"ನಿಮ್ಮಂಥ ವಸ್ತಾದರೇ ಕಲಿಸಿದ್ದಲ್ವಾ, ದಂಡ ಹೊಡೆಯೋ ಹೊತ್ತು. ಸ್ನಾಯುವಿನ ಒಳಗೆ ಅದರದೇ ಒಂದು ಗಡಿಯಾರ ಇರುತ್ತೆ. ವರ್ಷಗಟ್ಟಲೆ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿಸಿದರೆ ಅದು ಮರೆಯಲ್ಲ. ಮೈಯಿಂದ ಬೇರೆಯಾದರೂ ಮರೆಯಲ್ಲ."

ನಲವತ್ತು ಬಟ್ಟಲುಗಳು, ಮನುಷ್ಯರೇ ಇಲ್ಲದ ಕೋಣೆಯಲ್ಲಿ, ಕತ್ತಲು ಹರಿಯುವ ಮುಂಚೆ ದಂಡ ಹೊಡೆಯುವುದನ್ನು ನೆನೆದು ನಾನು ಕಪಾಟಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಅವರು ಶಿದ್ರಾಯನ ಬಟ್ಟಲನ್ನು ಮೇಜಿಗೆ ತಂದು ಕೂದಲಿಗಿಂತ ತೆಳುವಾದ ತಂತಿಗಳನ್ನು ಜೋಡಿಸಿದರು. ಬಲ ಕೊಡುವ ಮದ್ದು ಒಮ್ಮೆ ಒಳಗೆ ಹೊಕ್ಕರೆ ಸ್ನಾಯುವಿನ ಎಳೆಯಲ್ಲಿ ಕೋಶಕೇಂದ್ರಗಳು ಹೆಚ್ಚಾಗುತ್ತವಂತೆ. ಮದ್ದು ಬಿಟ್ಟರೂ ಅವು ಉಳಿದೇ ಇರುತ್ತವಂತೆ. ಯಂತ್ರ ಅವನ್ನು ಎಣಿಸುತ್ತದೆ. ಎಳೆ ಜಗ್ಗುವ ರೀತಿಯಿಂದ ಇಡೀ ಮೈಯನ್ನು ಪರದೆಯ ಮೇಲೆ ಬರೆಯುತ್ತದೆ. ಆಮೇಲೆ ಮದ್ದಿನಿಂದ ಬಂದದ್ದನ್ನೆಲ್ಲ ಕಳೆದು ತೋರಿಸುತ್ತದೆ. ಹಾಗೆ ಕಳೆದು ಉಳಿದವನಿಗೆ ಲೀಗಿನಲ್ಲಿ ನೆರಳಾಳು ಎನ್ನುತ್ತಾರೆ. ಮೈಯಲ್ಲಿ ಮದ್ದು ಸಿಕ್ಕಿದ ಪೈಲ್ವಾನರನ್ನು ಇನ್ನುಮುಂದೆ ಅದಲುಬದಲು ಮಾಡುವುದಿದ್ದರೆ ನೆರಳಾಳಿನ ಯೋಗ್ಯತೆಯ ಮೇಲೆಯೇ ಮಾಡಬೇಕಂತೆ.

ಪರದೆಯ ಮೇಲೆ ಮೊದಲು ನನ್ನ ಶಿದ್ರಾಯ ಬಂದ. ಮುಖವಿರಲಿಲ್ಲ, ಬೂದು ಬಣ್ಣದ ಮೈ ಅಷ್ಟೇ. ಆದರೂ ಆ ಭುಜ, ಆ ನಿಲುವು ನೋಡಿದ ಕೂಡಲೇ ಗುರುತು ಸಿಕ್ಕಿತು. ಆಮೇಲೆ ವಸುಮತಿ ಏನೋ ಒತ್ತಿದರು. ಅವನು ಕರಗತೊಡಗಿದ. ಕುತ್ತಿಗೆ ಸಣ್ಣಗಾಯಿತು. ಎದೆ ಒಳಗೆ ಹೋಯಿತು. ಭುಜ ಇಳಿಬಿತ್ತು. ಕೊನೆಗೆ ಉಳಿದವನನ್ನೂ ನಾನು ಬಲ್ಲೆ: ಹೊಲಿಗೆ ಮಷೀನಿನ ಮುಂದೆ ಕೂತೂ ಕೂತೂ ಬಗ್ಗಿದ ಅವನ ಅಪ್ಪನ ಹಾಗೇ ಇದ್ದ.

"ಮದ್ದು ಮೊದಲು ಒಳಗೆ ಹೋಗಿದ್ದು ಎಂಟು ವರ್ಷದ ಹಿಂದೆ, ಮಳೆಗಾಲದಲ್ಲಿ," ಎಂದರು ವಸುಮತಿ. "ದಿನಾ ಸ್ವಲ್ಪ ಸ್ವಲ್ಪ. ಎರಡು ವರ್ಷದ ಹಿಂದೆ, ಲೀಗಿಗೆ ಬಂದಾಗ, ನಿಂತಿದೆ."

ನಾನು ಎದ್ದು ನಿಂತೆ. "ಎಂಟು ವರ್ಷದ ಹಿಂದ ಅಂವಗ ಹದಿನಾಕು! ನಮ್ಮೂರಾಗ ಹದಿನಾಕು ವರ್ಷದ ಹುಡುಗಗ ಅಂಥಾದ್ದು ಯಾರ್ ಕೊಡ್ತಾರ್ರೀ ಬಾಯಾರ? ನಿಮ್ಮ ಮಷೀನಿಗೆ ಹುಚ್ಚು ಹಿಡದೈತಿ!"

ಅವರು ಗದ್ದಲ ಮಾಡಲಿಲ್ಲ. "ಸ್ವಲ್ಪ ಕೂತ್ಕೊಳ್ಳಿ ಸರ್. ಇನ್ನು ಎರಡು ನಿಮಿಷ. ನಿಮಗೆ ತೋರಿಸಬೇಕಾದ್ದು ಇನ್ನೊಂದಿದೆ, ನಮಗೆ ಅರ್ಥವಾಗದ್ದು."

ಗೋಡೆಯ ಗಡಿಯಾರದಲ್ಲಿ ಆರೂ ಎಂಟಾಗಿತ್ತು.

ಆರೂ ಹತ್ತಕ್ಕೆ ಸರಿಯಾಗಿ ಬಟ್ಟಲಿನ ನೀರು ನಡುಗಿತು. ಯಾರೂ ಮುಟ್ಟಿರಲಿಲ್ಲ. ಎಳೆ ಒಮ್ಮೆ ಕುಗ್ಗಿತು, ಸಡಿಲಾಯಿತು, ಮತ್ತೆ ಕುಗ್ಗಿತು. ಪರದೆಯ ಮೇಲೆ ಆ ನೆರಳಾಳು ನಿಧಾನವಾಗಿ ನನ್ನ ಕಡೆ ತಿರುಗಿದ. ಬಗ್ಗಿ ನೆಲ ಮುಟ್ಟಿದ. ಎದ್ದು ಎರಡೂ ಕೈ ಚಾಚಿದ. ಕೈಗಳನ್ನು ಹಣೆಗೆ ಒತ್ತಿಕೊಂಡ. ಆಮೇಲೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬರಿಗೈಯಿಂದ, ಒಂದೇ ಉಸಿರಿಗೆ ಕುಡಿದ.

"ಇಪ್ಪತ್ತು ದಿನದಿಂದ ಹೀಗೇ, ಇದೇ ಹೊತ್ತಿಗೆ," ಎಂದರು ವಸುಮತಿ. "ಪ್ರಾರ್ಥನೆ ಇರಬಹುದು ಅಂದ್ಕೊಂಡ್ವಿ. ಇದು ನಿಮ್ಮ ಕಡೆ ಯಾವುದಾದರೂ ಪಟ್ಟಾ ಸರ್?"

ಅವರು ನನ್ನ ಮುಖ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ನನ್ನ ಬಲಗೈ ತೊಡೆಯ ಮೇಲಿಂದ ಎದ್ದು, ತಂಬಿಗೆ ಹಿಡಿದ ಹಾಗೆ ಬೆರಳು ಬಾಗಿಸಿಕೊಂಡು, ಪರದೆಯ ಕಡೆಗೆ ಚಾಚಿತ್ತು. ಅದನ್ನು ನಾನು ಎತ್ತಿರಲಿಲ್ಲ.

"ಗೊತ್ತಿಲ್ರಿ," ಎಂದು ಸುಳ್ಳು ಹೇಳಿ ಎದ್ದುಬಂದೆ.

ಬಸ್ಸಿನಲ್ಲಿ ಉದ್ದಕ್ಕೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದೆ.

ಎಂಟು ವರ್ಷದ ಹಿಂದೆ ನನ್ನ ಮಂಡಿ ಕೈಕೊಟ್ಟಿತ್ತು. ಹುಡುಗರಿಗೆ ಪಟ್ಟು ತೋರಿಸಲು ಆಗದೆ ಕಟ್ಟೆಯ ಮೇಲೆ ಕೂತು ಬಾಯಲ್ಲೇ ಕುಸ್ತಿ ಹೇಳಿಕೊಡುತ್ತಿದ್ದೆ. ಸಂತೆಗೆ ಬರುತ್ತಿದ್ದ ಒಬ್ಬ ಔಷಧದವನು ಕರಿ ಬಾಟಲಿ ಕೊಟ್ಟ. ದಿನಾ ಹಾಲಿನಲ್ಲಿ ಹತ್ತು ಹನಿ. "ಮಂಡಿ ಏನ್ ಹಚ್ಚೀರಿ, ವಯಸ್ಸs ಹಿಂದಕ್ಕ ಹೋಗತೈತಿ ನೋಡ್ರಿ," ಎಂದಿದ್ದ. ಹೋಯಿತು ಕೂಡ. ಐವತ್ತರಲ್ಲಿ ನಾನು ಇಪ್ಪತ್ತೈದರವರನ್ನು ಎತ್ತಿ ಒಗೆಯತೊಡಗಿದೆ. ಇದು ಬರೀ ಮಂಡಿಯ ಔಷಧವಲ್ಲ ಅಂತ ನನಗೆ ಅನ್ನಿಸಿರಲಿಲ್ಲವೇ? ಅನ್ನಿಸಿತ್ತು. ಏನು ಇದರಲ್ಲಿ ಅಂತ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಬಿಡಬೇಕಾಗುತ್ತಿತ್ತು. ಆ ಹತ್ತು ಹನಿ ಬೀಳುತ್ತಿದ್ದದ್ದು ನನ್ನ ಹಿತ್ತಾಳೆಯ ತಂಬಿಗೆಗೆ. ಅವನು ಲೀಗಿಗೆ ಹೋಗುವವರೆಗೆ ದಿನಾ ಅರ್ಧ ನನಗೆ, ಅರ್ಧ ಶಿದ್ರಾಯನಿಗೆ. ಮೊದಲ ಸಲ ಕೊಟ್ಟದ್ದು ನಾಗರಪಂಚಮಿಯ ದಿನ, ಜಿಟಿಜಿಟಿ ಮಳೆ ಹಿಡಿದಿತ್ತು. ಗುರುವಿನ ಎಂಜಲು ಅಂತ ಅವನು ಹಣೆಗೆ ಒತ್ತಿಕೊಂಡು ಕುಡಿದಿದ್ದ.

ಮರುದಿನ ಬೆಳಿಗ್ಗೆ ಅಡಿಗೆಮನೆಯ ಮಾಡದಿಂದ ಆ ಬಾಟಲಿ ತೆಗೆದುಕೊಂಡು ಹಿತ್ತಲಿಗೆ ನಡೆದೆ. ಕಾಶವ್ವ ಬಾವಿಯ ಕಟ್ಟೆಯ ಮೇಲೆ ಪಾತ್ರೆ ತಿಕ್ಕುತ್ತಿದ್ದಳು. ಅವಳಿಗೆ ಒಂದೊಂದೂ ಬಿಡದೆ ಹೇಳಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಒಗದ್ರ ಯಾರಿಗೂ ಗೊತ್ತಾಗಂಗಿಲ್ಲ," ಎಂದೆ.

"ಬಾವ್ಯಾಗ ಒಗೀರಿ. ಆ ನೀರು ನಾಳಿಂದ ಕುಡಿಯಾಕಿ ನಾನs ಅಲ್ಲಾ?"

"ಗರಡಿ ಮುಚ್ಚತಾರಲೇ ಕಾಶಿ. ಮೂವತ್ತೊಂದ ವರ್ಷದ ಹೆಸರು."

"ಹೆಸರು ನಿಮ್ಮದೊಬ್ರದs ಏನು?" ಅವಳು ಕೈ ತೊಳೆದುಕೊಂಡು ಎದ್ದು, ಬಾಟಲಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಸೆರಗಿನಿಂದ ಒರೆಸಿ, ಮತ್ತೆ ನನ್ನ ಕೈಯಲ್ಲೇ ಇಟ್ಟಳು. "ಆ ಕೂಸು ನನ್ನ ಕೈಯಾಗ ಉಂಡು ಬೆಳದೈತಿ. ಹೋಗ್ರಿ. ಮೊದಲ ಅವಗ ಹೇಳ್ರಿ, ಆಮ್ಯಾಲೆ ಆ ಡಾಕ್ಟರ್ ಬಾಯಾರಿಗೆ."

ಶಿದ್ರಾಯ ಗರಡಿಯ ಮಣ್ಣು ಅಗೆಯುತ್ತಿದ್ದ. ಯಾರೂ ಮಾಡೆಂದಿರಲಿಲ್ಲ. ನಾನು ಬಾಟಲಿಯನ್ನು ಹನುಮಪ್ಪನ ಪಟದ ಮುಂದಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಬಡಿಯುತ್ತಾನೆ ಎಂದುಕೊಂಡಿದ್ದೆ. ಬಡಿದಿದ್ದರೆ ಚೆನ್ನಾಗಿತ್ತು. ಅವನು ಸನಿಕೆಯನ್ನು ಗೋಡೆಗೆ ಒರಗಿಸಿದ.

"ಆ ನೆರಳಾಳು ಹೆಂಗಿದ್ದ?" ಎಂದು ಕೇಳಿದ.

"ನಿಮ್ಮಪ್ಪನ ಹಂಗ."

"ಕುಸ್ತಿ ಹಿಡೀತಿದ್ನೇನು ಅಂವ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನ ಕಣ್ಣಲ್ಲಿ ನೀರು ಬಂತು.

"ಮಂದಿ ಕಳ್ಳ ಅಂತಿದ್ರು, ತಡಕೊಂಡಿದ್ದೆ ವಸ್ತಾದರ. ಗೆದ್ದಾಂವ ನಾನs ಅಂತ ನನಗೊಬ್ಬಗಾದ್ರೂ ಗೊತ್ತಿತ್ತು. ಈಗ ಹೇಳ್ರಿ, ಗೆದ್ದಾಂವ ಯಾರು?"

ನಾನು ಬಾಟಲಿ ಎತ್ತಿಕೊಂಡು ಧಾರವಾಡದ ಬಸ್ಸು ಹತ್ತಿದೆ.

ವಸುಮತಿಯವರು ಬಾಟಲಿಯನ್ನು ಪರೀಕ್ಷಿಸಿದರು. ಅದೇ ಮದ್ದು. ಲೀಗಿನ ಸಮಿತಿ ಹತ್ತು ದಿನದಲ್ಲಿ ತೀರ್ಪು ಕೊಟ್ಟಿತು. ನನ್ನ ವಸ್ತಾದಿಕೆ ಹೋಯಿತು, ಗರಡಿಯ ಬೋರ್ಡು ಇಳಿಯಿತು. ಶಿದ್ರಾಯ ಅರಿಯದೆ ತೆಗೆದುಕೊಂಡವನು, ನಿಷೇಧವಿಲ್ಲ, ಕಳಂಕವಿಲ್ಲ ಎಂದು ಬರೆದರು. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ಇನ್ನು ಮುಂದೆ ತಂಡಗಳು ಅವನನ್ನು ನೆರಳಾಳಿನ ಯೋಗ್ಯತೆಯ ಮೇಲೆ ಪರಿಗಣಿಸಬೇಕು. ದರ್ಜಿಯ ಭುಜದ ಆ ನೆರಳಾಳಿಗೆ ಬದಲಾಗಿ ಎಂಟು ತಂಡಗಳಲ್ಲಿ ಒಂದೂ ಒಬ್ಬನೇ ಒಬ್ಬನನ್ನು ಕೊಡಲು ಮುಂದೆ ಬರಲಿಲ್ಲ. ಅವನ ತಂಡ ಶಾಲು ಹೊದಿಸಿ ಮನೆಗೆ ಕಳಿಸಿತು.

ಖಾನಾವಳಿಯವನು ಫೋಟೋವನ್ನು ಮತ್ತೆ ಮುಖ ಕಾಣುವ ಹಾಗೆ ತಿರುಗಿಸಿದ. ಅದನ್ನು ನೋಡಿದವರು ಈಗ ಪಾಪ ಎನ್ನುತ್ತಿದ್ದರು. ಶಿದ್ರಾಯ ಒಂದು ದಿನ ಒಳಗೆ ಹೋಗಿ, ಯಾರನ್ನೂ ಕೇಳದೆ, ಅದನ್ನು ಕಿತ್ತುಕೊಂಡು ಹೋದನಂತೆ.

ಆಮೇಲೆ ಅವನು ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ. ಕಾಶವ್ವ ಬುತ್ತಿ ಕಟ್ಟಿ ಕಳಿಸಿದರೆ ತೊಳೆದ ಖಾಲಿ ಡಬ್ಬಿ ವಾಪಸು ಬರುತ್ತಿತ್ತು, ಅಷ್ಟೇ. ನಾನು ಗರಡಿಯಲ್ಲಿ ಒಬ್ಬನೇ ಇರುತ್ತಿದ್ದೆ. ಹುಡುಗರೆಲ್ಲ ಬಿಟ್ಟುಹೋಗಿದ್ದರು. ಆದರೂ ದಿನಾ ಆರಕ್ಕೆ ದೀಪ ಹಚ್ಚುತ್ತಿದ್ದೆ, ಆರೂ ಹತ್ತಕ್ಕೆ ಕಾಶವ್ವ ಅರೆದುಕೊಟ್ಟ ಬರೀ ಬಾದಾಮಿ ಹಾಲನ್ನು ತಂಬಿಗೆಗೆ ಸುರಿಯುತ್ತಿದ್ದೆ. ಅರ್ಧ ಕುಡಿದ ಮೇಲೆ ಕೈ ತಾನೇ ಮುಂದೆ ಚಾಚುತ್ತಿತ್ತು. ಎದುರಿಗೆ ಯಾರೂ ಇರುತ್ತಿರಲಿಲ್ಲ.

ಶ್ರಾವಣದ ಒಂದು ಸಂಜೆ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಶಿದ್ರಾಯ ನಿಂತಿದ್ದ. ಒಳಗೆ ಬಂದ. ಮಣ್ಣಿನ ಆಚೆ ದಂಡೆಗೆ ನಿಂತ. ತಂಬಿಗೆಯನ್ನೇ ನೋಡಿದ.

"ಬರೀ ಹಾಲು ಐತಿ," ಎಂದೆ.

"ಮೊದಲ ನೀವು ಕುಡೀರಿ."

ಈ ಗರಡಿಯಲ್ಲಿ ಅದು ದಿನದಿನದ ರೂಢಿ. ಮೊದಲು ಕುಡಿಯುವವನು ವಸ್ತಾದನೇ. ಆದರೆ ಅವನು ಹೇಳಿದ್ದು ರೂಢಿಗಾಗಿ ಅಲ್ಲ. ಪರೀಕ್ಷೆಗೆ ಹೇಳಿದ. ನಾನು ಕುಡಿದೆ. ಹಾಲು ನನ್ನ ಗಂಟಲಿಗೆ ಇಳಿಯುವುದನ್ನೇ ಅವನು ನೋಡುತ್ತಿದ್ದ. ಉಳಿದರ್ಧವನ್ನು ಚಾಚಿದೆ.

"ನನಗ ಬ್ಯಾಡ," ಎಂದ ಸ್ಪಷ್ಟವಾಗಿ. "ಕುಡಿಯಾಕ ಬಂದಿಲ್ಲ ನಾ. ಬ್ಯಾಡ ಅಂತ ನಿಮ್ಮ ಮಾರಿಗೆ ಹೇಳಾಕ ಬಂದೀನಿ."

ಹಾಗೆ ಹೇಳುತ್ತಿರುವಾಗಲೇ ಗೋಡೆಯ ಗಡಿಯಾರದಲ್ಲಿ ಆರೂ ಹತ್ತಾಯಿತು. ಅವನ ಬೆನ್ನು ಬಾಗಿತು. ಬೆರಳು ನೆಲ ಮುಟ್ಟಿತು. ಎರಡೂ ಕೈ ಎದ್ದು ನನ್ನ ಕಡೆ ಚಾಚಿದವು. ಶಿದ್ರಾಯ ಅವನ್ನು ಬೇರೆ ಯಾರದೋ ಕೈಯನ್ನು ನೋಡಿದ ಹಾಗೆ ನೋಡಿದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕೆಳಗೆ ಒತ್ತಿದ. ಹಿಡಿದ ಕೈಯೂ ಜತೆಗೆ ಮೇಲೆದ್ದಿತು.

"ದಿನಾ ಹಿಂಗs," ಎಂದ. ಹಲ್ಲು ಕಟಕಟ ಎನ್ನುತ್ತಿದ್ದವು. "ಎಲ್ಲಿದ್ರೂ ಹಿಂಗs. ಒಬ್ಬನs ಇದ್ದಾಗ ಅಂಜಿಕಿ ಬರತೈತಿ. ಹಿಡೀರಿ ಇವನ್ನ. ಯಾರರ ಹಿಡೀರಿ!"

ತಂಬಿಗೆ ಕೆಳಗಿಟ್ಟು ಮಣ್ಣು ದಾಟಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ. ಅವು ನನ್ನ ಮುಷ್ಟಿಯೊಳಗೆ ಜಗ್ಗಾಡಿದವು. ನನ್ನವೂ ಜಗ್ಗಾಡಿದವು. ಧಾರವಾಡದ ಆ ತಣ್ಣನೆಯ ಕೋಣೆಯಲ್ಲಿ ಒಂದು ಬಟ್ಟಲಿನ ನೀರು ಆಗ ನಡುಗುತ್ತಿದ್ದಿರಬೇಕು. ಎರಡು ನಿಮಿಷವಾದ ಮೇಲೆ ಎಲ್ಲ ಸಡಿಲಾಯಿತು.

ಈಗ ಅವನು ಅಪ್ಪನ ಹೊಲಿಗೆ ಮಷೀನು ತೆಗೆದು ಅಂಗಡಿ ಹಾಕಿದ್ದಾನೆ. ನನ್ನನ್ನು ವಸ್ತಾದ ಎಂದು ಕರೆಯುವುದಿಲ್ಲ, ಏನೆಂದೂ ಕರೆಯುವುದಿಲ್ಲ. ಆದರೆ ದಿನಾ ಆರಕ್ಕೆ ಅಂಗಡಿಯ ಬಾಗಿಲು ಎಳೆದುಕೊಂಡು ಗರಡಿಗೆ ಬರುತ್ತಾನೆ, ಎದುರಿಗೆ ಕೂರುತ್ತಾನೆ. ಆರೂ ಹತ್ತಕ್ಕೆ ನಾನು ಅವನ ಕೈ ಹಿಡಿದುಕೊಳ್ಳುತ್ತೇನೆ.